ಮಾವನ ಬಹುವಚನ

ಎರಡನೇ ನಡೆಯಲ್ಲೇ ದರ್ಜಿ ತನ್ನ ಕಾಲಾಳನ್ನು ಮಾವನ ಕಾಲಾಳಿನ ಬಾಯಿಗೆ ಒಡ್ಡಿದ. ಕ್ಲಬ್ಬಿನ ಚೆಸ್ ಫೈನಲ್. ಸುತ್ತ ನಿಂತವರು ಅಳಿಯನಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಕೆಟ್ಟಿರಲಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಜಾಯಮಾನ ಮಾವನದಲ್ಲ ಎಂಬುದು ಮನೆಮಂದಿಗೆಲ್ಲ ಗೊತ್ತಿತ್ತು. ಆ ಒಂದು ಗುಣವನ್ನೇ ನಂಬಿಕೊಂಡು ದರ್ಜಿ, ಅಂಗಡಿಯಲ್ಲಿ ಗುಂಡಿಗಳನ್ನೇ ಕಾಯಿ ಮಾಡಿಕೊಂಡು, ಈ ಓಪನಿಂಗನ್ನು ಉರು ಹೊಡೆದಿದ್ದ.

ಗೆದ್ದವರಿಗೆ ಕೊಡುವ ಕಪ್ಪಿನ ಆಸೆಗಲ್ಲ. ನಿವೃತ್ತ ಹೆಡ್‌ಮಾಸ್ಟರಾದ ಮಾವ, ಹಲ್ಲಿನ ಡಾಕ್ಟರಾದ ಕಿರಿಯ ಅಳಿಯನಿಗೆ "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಹಿರಿಯ ಅಳಿಯನಾದ ತನಗೆ ಮಾತ್ರ ಮದುವೆಯಾದಂದಿನಿಂದ "ಬಾರೋ". ಷಡ್ಡಕನ ಎದುರಿಗೇ ಅದನ್ನು ಕೇಳಿಸಿಕೊಂಡಾಗ ದರ್ಜಿಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಸೋಲಿಸಿದರೆ ಮರ್ಯಾದೆ ತಾನಾಗಿ ಬರುತ್ತದೆ ಎಂಬುದು ಅವನ ಲೆಕ್ಕಾಚಾರ.

ಮಾವ ಕಾಲಾಳನ್ನು ತಿಂದರು. ಇನ್ನೊಂದನ್ನು ಕೊಟ್ಟ, ಅದನ್ನೂ ತಿಂದರು. ಕುದುರೆ ಕೊಟ್ಟಾಗಲಂತೂ ಬಾಯಿ ಚಪ್ಪರಿಸಿಯೇಬಿಟ್ಟರು. ಅಷ್ಟರಲ್ಲಿ ಅವರ ರಾಜನಿಗೆ ಕಾವಲೇ ಉಳಿದಿರಲಿಲ್ಲ. ದರ್ಜಿಯ ಒಂಟೆ ಬಂತು, ಆನೆ ಬಂತು, ಮಂತ್ರಿ ಬಂದು ಎದುರಿಗೆ ನಿಂತ ಮೇಲೆ ಆಟ ಮುಗಿಯಿತು. ಮಾವ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಪರಿಸ್ಥಿತಿಯೇನೂ ಸುಧಾರಿಸಿರಲಿಲ್ಲ.

"ಚೆನ್ನಾಗಿ ಆಡಿದ್ರಿ," ಎಂದು ಎದ್ದು ಹೊರಟರು.

ಆಡಿದ್ರಿ! ದರ್ಜಿ ಕಪ್ಪನ್ನು ಅಲ್ಲೇ ಮರೆತು ಮನೆಗೆ ಓಡಿಬಂದು ಹೆಂಡತಿಗೆ ವರದಿ ಒಪ್ಪಿಸಿದ. ಅವಳ ಮುಖ ಸಪ್ಪಗಾಯಿತು.

"ಅಪ್ಪಂಗೆ ಅಷ್ಟೊಂದು ಕೋಪ ಬಂತಾ? ಅಮ್ಮನ ಜೊತೆ ಜಗಳ ಆದಾಗ ಮಾತ್ರ ಅವ್ರು ನೀವು, ತಾವು ಅಂತಿದ್ದಿದ್ದು."

"ಮತ್ತೆ ನಿನ್ನ ತಂಗಿ ಗಂಡಂಗೆ ಯಾವಾಗ್ಲೂ ಅಂತಾರಲ್ಲ?"

"ಅವ್ರು ಅಪ್ಪಂದು ಹುಳುಕು ಹಲ್ಲು ಬಿಟ್ಟು ಗಟ್ಟಿ ಹಲ್ಲು ಕಿತ್ತುಬಿಟ್ರಲ್ಲ, ಅವತ್ತಿಂದ."

ಇಷ್ಟು ವರ್ಷ ಹೊಟ್ಟೆ ಉರಿದುಕೊಂಡದ್ದು ಇದಕ್ಕಾ ಎಂದು ದರ್ಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ವಾರವೆಲ್ಲ ಮಾವ ಅಂಗಡಿಯ ಮುಂದೆ ಹಾದುಹೋಗುವಾಗ, ತಮ್ಮ ಆರೋಗ್ಯ ಹೇಗಿದೆ, ತಮ್ಮ ವ್ಯಾಪಾರ ಹೇಗಿದೆ ಎಂದು ತಪ್ಪದೆ ವಿಚಾರಿಸಿಕೊಂಡು ಹೋದರು. ಒಂದೊಂದು ‘ತಮ್ಮ’ಕ್ಕೂ ದರ್ಜಿಯ ಹೊಲಿಗೆ ಸೊಟ್ಟಗಾಗುತ್ತಿತ್ತು. ಅವನಿಗೆ ನಿಜಕ್ಕೂ ದುಃಖವಾಗಿತ್ತು.

ಮುಂದಿನ ವಾರ ಒಂದು ಮಧ್ಯಾಹ್ನ ಬಾಗಿಲಲ್ಲಿ ಮಾವ ನಿಂತಿದ್ದರು. ಬಗಲಲ್ಲಿ ಚೆಸ್ ಹಲಗೆ.

"ಏನೋ, ಆ ಕಾಲಾಳು ಕೊಡೋ ಆಟ ನಂಗೂ ಹೇಳಿಕೊಡ್ತೀಯೇನೋ?"

ದರ್ಜಿ, ಯಾರದೋ ಕೋಟಿನ ಬಟ್ಟೆಯಲ್ಲಿ ಅರ್ಧ ಇಳಿದಿದ್ದ ಕತ್ತರಿಯನ್ನು ಹಾಗೇ ಬಿಟ್ಟು, ಸ್ಟೂಲನ್ನು ತನ್ನ ಅಂಗಿಯ ತುದಿಯಿಂದ ಒರೆಸತೊಡಗಿದ.