ಫೌಸ್ತಿನೊ ಹೆಸರಿನ ಆರು ಗಡಿಗೆ

"ಥೂ, ಆ ಹೊಸ ಲಂಗ ಬಿಚ್ಚಾಕೇ ಮುದುಕಿ! ಹರಕಲು ಬಟ್ಟೆ ಉಟ್ಕೊ ಅಂತ ಮೊನ್ನೇನೇ ಹೇಳಿರಲಿಲ್ವಾ?" ನಮ್ಮ ಸರಕು ಕೊಳ್ಳುವ ಧಣಿ ದೋನ್ ಎವರಾರ್ದೊ ಕಾರಿನಿಂದ ಇಳಿಯುವ ಮೊದಲೇ ಶುರು ಹಚ್ಚಿಕೊಂಡ. "ಹಳೇ ಕಾಲದ ಭಟ್ಟಿ ನೋಡಬೇಕು ಅಂತ ಪರದೇಶದಿಂದ ಜನ ಬಂದಿದ್ದಾರೆ. ಆ ಪ್ಲಾಸ್ಟಿಕ್ ಡ್ರಮ್ಮು ಯಾಕೆ ಎದುರಿಗಿದೆ? ಲೋ ಸಿರಿಲೊ, ಕತ್ತೆ, ಎತ್ತಿ ಹಿಂದಕ್ಕೆ ಹಾಕು."

ನಾನು ಕೊಡತಿ ಕೆಳಗಿಟ್ಟೆ. ಸುಟ್ಟ ಕತ್ತಾಳೆ ಗೆಡ್ಡೆಗಳನ್ನು ಬೆಳಗಿನಿಂದ ಮರದ ದೋಣಿಯಲ್ಲಿ ಜಜ್ಜಿ ಜಜ್ಜಿ ಹೆಗಲು ಬಿದ್ದುಹೋಗಿತ್ತು. ಡ್ರಮ್ಮು ಎತ್ತಿ ಹಿತ್ತಲಿಗೆ ಹಾಕಿ ಬಂದೆ. ಅಕ್ಕ ಸೆನಾಯ್ದಾ ಮಾತ್ರ ಲಂಗ ಬದಲಿಸಲಿಲ್ಲ. ಅವತ್ತಿಗೆ ಅಪ್ಪ ಸತ್ತು ಸರಿಯಾಗಿ ಒಂದು ವರ್ಷ. ಅಂಗಳದ ಒಲೆಯ ಮೇಲೆ ಟರ್ಕಿ ಕೋಳಿ ಹಾಕಿದ, ಒಣಮೆಣಸಿನಕಾಯಿ ಅರೆದ ಮೋಲೆ ಸಾರು ಕುದಿಯುತ್ತಿತ್ತು, ಮಧ್ಯಾಹ್ನಕ್ಕೆ ಊರವರು ಊಟಕ್ಕೆ ಬರುವವರಿದ್ದರು.

"ಇವತ್ತು ಬ್ಯಾಡ ಅಂದಿದ್ನಲ್ಲ ದೋನ್. ನಮ್ಮಪ್ಪನ ವರ್ಸದ ದಿನ."

"ನಿಮ್ಮಪ್ಪ ಎಲ್ಲೂ ಹೋಗಲ್ಲ. ಇವರ ವಿಮಾನ ಹೋಗ್ತದೆ."

ಅಪ್ಪನನ್ನು ತಿಂದದ್ದು ಬಂಡೆಕತ್ತಾಳೆ. ಕಡಿದಾದ ಬಂಡೆಯ ಬಿರುಕಿನಲ್ಲಷ್ಟೇ ಬೆಳೆಯುತ್ತದೆ, ಬಲಿಯುವುದಕ್ಕೆ ಇಪ್ಪತ್ತೈದು ವರ್ಷ ಬೇಕು. ಅಪ್ಪ ಆ ಬಿರುಕುಗಳಲ್ಲಿ ಬೀಜ ಇಟ್ಟಾಗ ನನಗೆ ಮೀಸೆ ಮೂಡುತ್ತಿತ್ತು, ಗೆಡ್ಡೆ ಕೀಳುವ ಹೊತ್ತಿಗೆ ಅದು ಅರ್ಧ ನೆರೆತಿತ್ತು. ಕೊನೆಯ ಗೆಡ್ಡೆ ಕೀಳುವಾಗ ಹಗ್ಗ ಜಾರಿತು. ಹೆಣವನ್ನೂ ಗೆಡ್ಡೆಯನ್ನೂ ಒಂದೇ ಹೇಸರಗತ್ತೆಯ ಮೇಲೆ ಇಳಿಸಿಕೊಂಡು ಬಂದೆವು. ಅಕ್ಕ ಅಳುತ್ತಲೇ ಗೆಡ್ಡೆಗಳನ್ನು ಗುಂಡಿಯಲ್ಲಿ ಹುಗಿದು ಸುಟ್ಟು, ಕೊಳೆ ಹಾಕಿ, ಮಣ್ಣಿನ ಮಡಕೆಯಲ್ಲಿ ಎರಡು ಸಲ ಭಟ್ಟಿ ಇಳಿಸಿದಳು. ಬಂದದ್ದು ಆರು ಗಡಿಗೆ ಮೆಸ್ಕಾಲ್, ಕತ್ತಾಳೆಯ ಸಾರಾಯಿ. ಅಂಥದ್ದು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ.

ಕತ್ತಾಳೆ ನಮ್ಮದು, ಮಡಕೆ ನಮ್ಮದು, ಮಾರುವ ಪರವಾನಗಿಯ ಮೊಹರು ಎವರಾರ್ದೊನದು. ಮೊಹರಿಲ್ಲದೆ ಊರ ಗಡಿ ದಾಟಿ ಒಂದು ಸೀಸೆ ಮಾರುವಂತಿಲ್ಲ. ಅಕ್ಕ ಎರಡು ಮಾತು ಕೇಳಿದ್ದಳು: ಸೀಸೆಯ ಮೇಲೆ ಅಪ್ಪನ ಹೆಸರಿರಬೇಕು, ಆರನೆಯ ಗಡಿಗೆ ಅಪ್ಪನ ವರ್ಷಕ್ಕೆ ಉಳಿಯಬೇಕು. ಎವರಾರ್ದೊ ಎದೆ ಮುಟ್ಟಿಕೊಂಡು ಹೂಂ ಅಂದಿದ್ದ. ಸತ್ತವರ ಹೆಸರು ಹೇಳಿ ನೆಲಕ್ಕೆ ಹನಿಸಿದ ಗಡಿಗೆಯನ್ನು ನಮ್ಮೂರಲ್ಲಿ ಮಾರುವುದಿಲ್ಲ. ಅದನ್ನು ಊರೇ ಕೂತು ಕುಡಿದು ಮುಗಿಸಬೇಕು.

ತಿಬುರ್ಸಿಯೊ ಲಾರಿಯಿಂದ ಖಾಲಿ ಸೀಸೆಗಳ ಪೆಟ್ಟಿಗೆ ಇಳಿಸಿದ. ನಮ್ಮೂರವನೇ, ದೋನನ ಲಾರಿಗೆ ಹೇರುವ ಕೆಲಸ. ಚೀಟಿ ಅಂಟಿಸಿದ್ದ ಆ ಸೀಸೆಗಳಲ್ಲೊಂದನ್ನು ಅಕ್ಕ ಕೈಗೆತ್ತಿಕೊಂಡಳು. ಮೇಲೆ ಹುರಿಮೀಸೆಯ ಮುದುಕನೊಬ್ಬನ ಚಿತ್ರ.

"ಏನ್ಲಾ ಬರ್ದವ್ರೆ?"

ನನಗೆ ಓದುವುದಕ್ಕೇ ನಾಚಿಕೆಯಾಯಿತು. "ದೋನ್ ಅವರ ಅಜ್ಜನ ಕೈಗುಣವಂತೆ ಕಣಕ್ಕ."

"ಅಪ್ಪನ ಹೆಸ್ರು?"

"ಇಲ್ಲ."

ಆ ಅಜ್ಜ ಪಟ್ಟಣದಲ್ಲಿ ಚಪ್ಪಲಿ ಮಾರುತ್ತಿದ್ದ. ಭಟ್ಟಿಯ ಬೂದಿಯನ್ನೂ ಮುಟ್ಟಿದವನಲ್ಲ. ಅಕ್ಕ ಸೀಸೆಯನ್ನು ಮೆಲ್ಲಗೆ ಪೆಟ್ಟಿಗೆಯೊಳಗಿಟ್ಟಳು. ಅವಳು ಕಿರುಚಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಪರದೇಶದಿಂದ ಬಂದವರು ಆರು ಜನ. ನಮ್ಮ ದೋಣಿಯ ಮೇಲೆ ಹಲಗೆ ಇಟ್ಟು, ಬಿಳಿ ಬಟ್ಟೆ ಹಾಸಿ, ಉದ್ದ ಕಾಲಿನ ಲೋಟಗಳನ್ನು ಸಾಲಾಗಿ ಜೋಡಿಸಿದರು. ಅಕ್ಕ ಜೊಂಡಿನ ಕೊಳವೆಯಲ್ಲಿ ಮೆಸ್ಕಾಲ್ ಹೀರಿ, ಸೋರೆಬುರುಡೆಗೆ ಎತ್ತರದಿಂದ ಬಿಟ್ಟಳು. ಅಂಚಿನ ಸುತ್ತ ಗುಳ್ಳೆಗಳ ಮುತ್ತು ಕಟ್ಟಿತು. ಎಣಿಸುವಷ್ಟು ಹೊತ್ತು ಒಡೆಯದೆ ನಿಂತಿತು. ಹದ ತಪ್ಪಿದ್ದರೆ ಮುತ್ತು ನಿಲ್ಲುವುದಿಲ್ಲ.

ದೋನ್ ಅಳತೆಯ ಗಾಜಿನ ಕಡ್ಡಿ ಅದ್ದಿ ನೋಡಿದ. "ಬಹಳ ಖಡಕ್ಕಾಯ್ತು. ನೀರು ಬೆರೆಸಿ ತಗ್ಗಿಸ್ತೀವಿ."

"ನೀರು ಬಿದ್ರೆ ಮುತ್ತು ಸಾಯ್ತವೆ."

"ಮುತ್ತು ನೋಡೋರು ಯಾರೇ ಅಲ್ಲಿ?"

ಅತಿಥಿಗಳು ಲೋಟ ತಿರುಗಿಸಿದರು, ಮೂಗು ತೂರಿಸಿದರು, ಕಣ್ಣು ಮುಚ್ಚಿದರು. ಒಬ್ಬಳು ಒದ್ದೆ ಕಲ್ಲಿನ ವಾಸನೆ ಅಂದಳಂತೆ, ಇನ್ನೊಬ್ಬ ಹಳೇ ಚರ್ಮದ್ದು ಅಂದನಂತೆ. ದೋನ್ ಹೆಮ್ಮೆಯಿಂದ ನಮಗೂ ತಿಳಿಸಿದ.

"ಚರ್ಮ ಅವನಜ್ಜನ ಚಪ್ಲೀದಿರ್ಬೇಕು," ಎಂದು ತಿಬುರ್ಸಿಯೊ ನನ್ನ ಕಿವಿಯಲ್ಲಿ ಉಸುರಿದ.

ಆಮೇಲೆ ಅವರು ಒಬ್ಬರಾದ ಮೇಲೊಬ್ಬರು ಬಾಯಿ ಮುಕ್ಕಳಿಸಿ, ನಾವು ರೊಟ್ಟಿಯ ಜೋಳ ತೊಳೆಯುವ ಬಕೆಟ್ಟಿಗೆ ಉಗುಳಿದರು. ಮೊದಲ ಹನಿ ನೆಲಕ್ಕೆ ಕೊಡದೆ ಕುಡಿದವರನ್ನೇ ನಾವು ಕಂಡಿರಲಿಲ್ಲ, ಇವರು ಬಾಯೊಳಗಿದ್ದ ನನ್ನಪ್ಪನ ಇಪ್ಪತ್ತೈದು ವರ್ಷವನ್ನು ಉಗುಳುತ್ತಿದ್ದರು.

"ಯಾಕಂಗೆ ಉಗೀತಾವ್ರೆ?" ಎಂದಳು ಅಕ್ಕ.

"ರುಚಿ ನೋಡೋ ಕ್ರಮ ಅದು. ನಿನಗೆಲ್ಲಿ ಅರ್ಥ ಆಗಬೇಕು?" ದೋನ್ ಲಾರಿಯ ಕಡೆ ಕೈ ಬೀಸಿದ. "ತಿಬುರ್ಸಿಯೊ, ಆರನ್ನೂ ಹೇರು."

"ಆರನೇದು ನಮ್ಮಪ್ಪಂದು."

"ಅವರಿಗೆ ಇಷ್ಟ ಆಗಿದೆ, ಪೂರ್ತಿ ಬೇಕಂತೆ. ನಿಮ್ಮಪ್ಪಂಗೆ ಅಂಗಡಿಯಿಂದ ಬಿಯರ್ ತಂದಿಡು. ಸತ್ತೋನಿಗೆ ರುಚಿ ಏನು ಗೊತ್ತಾಗ್ತದೆ?"

ಅಕ್ಕ ಲಂಗಕ್ಕೆ ಕೈ ಒರೆಸಿಕೊಂಡಳು. ಸೋರೆಬುರುಡೆ ತೆಗೆದುಕೊಂಡು ಮೊದಲನೆಯ ಗಡಿಗೆಯ ಬಾಯಿ ಬಿಚ್ಚಿದಳು, ಒಂದು ಬುರುಡೆ ಮೊಗೆದು ನೆಲಕ್ಕೆ ಸುರಿದಳು. "ತಗೊಳಪ್ಪ ಫೌಸ್ತಿನೊ." ಎರಡನೆಯದಕ್ಕೆ ಹೋದಳು. "ತಗೊಳಪ್ಪ ಫೌಸ್ತಿನೊ."

ಆಗ ನನಗೆ ಹೊಳೆಯಿತು. ತಿಬುರ್ಸಿಯೊ ಕಡೆ ನೋಡಿದೆ, ಅವನೂ ನನ್ನನ್ನೇ ನೋಡುತ್ತಿದ್ದ. ದೋನನಿಗೆ ಮಾತ್ರ ಏನೂ ಹೊಳೆಯಲಿಲ್ಲ. ಭೂಮಿತಾಯಿಗೆ ಪೂಜೆ ಅಂತಲೋ ಏನೋ ಅತಿಥಿಗಳಿಗೆ ವಿವರಿಸುತ್ತ, ಫೋಟೋ ತೆಗೆಯಿರಿ ಎಂದು ಅವರನ್ನು ಮುಂದಕ್ಕೆ ತಳ್ಳುತ್ತಿದ್ದ. ಮೂರು, ನಾಲ್ಕು, ಐದು. ಆರನೆಯದಕ್ಕೆ ಅಕ್ಕನ ದನಿ ಒಡೆಯಿತು.

"ಚೆನ್ನಾಗಿತ್ತು ಕಣೇ ಸೆನಾಯ್ದಾ! ಹೂಂ, ಹೇರ್ರೋ."

ತಿಬುರ್ಸಿಯೊ ಟೋಪಿ ತೆಗೆದ. "ಆಗಕ್ಕಿಲ್ಲ ದೋನ್. ಸತ್ತೋರ ಗಡಿಗೆ."

"ಯಾರ ಗಡಿಗೇನೋ?"

"ಫೌಸ್ತಿನೊ ಮಾವಂದು. ಆರೂ."

ದೋನನ ಮುಖ ಅತಿಥಿಗಳ ಎದುರು ನಗುತ್ತಲೇ ಇತ್ತು, ಬಾಯಿಂದ ಮಾತ್ರ ಬೈಗುಳ ಸುರಿಯಿತು. "ಸೂಳೇಮಕ್ಳಾ, ಯಾರ ಅನ್ನ ತಿಂತಿದ್ದೀರೋ?" ತಾನೇ ಒಂದು ಗಡಿಗೆ ತಬ್ಬಿಕೊಂಡ. ಅದು ಮಿಸುಕಲಿಲ್ಲ. ಯಾರೂ ಕೈ ಹಾಕಲಿಲ್ಲ, ನಾನೂ ಹಾಕಲಿಲ್ಲ. "ಮೊಹರು ನನ್ನ ಹತ್ರ ಇದೆ. ಈ ಭಟ್ಟಿಯಿಂದ ಇನ್ನೊಂದು ತೊಟ್ಟು ಊರಾಚೆ ಹೋಗಲಿ, ನೋಡ್ಕೋತೀನಿ."

"ನಾವೇನ್ ಒಯ್ಯಾಕಿಲ್ಲ," ಎಂದಳು ಅಕ್ಕ. ಬುರುಡೆ ತುಂಬಿಸಿ ಅತಿಥಿಗಳ ಎದುರು ಹಿಡಿದಳು. "ಕುಡಿಯೋರು ಕುಡೀರಿ, ಊಟನೂ ಮಾಡ್ಕಂಡು ಹೋಗಿ. ಉಗಿಯಂಗಿಲ್ಲ ಅಂತ ಹೇಳೋ ಅವ್ರಿಗೆ."

ದೋನ್ ಹೇಳಲಿಲ್ಲ. ಅವರನ್ನು ಕಾರಿಗೆ ತುಂಬಿಕೊಂಡು ಹೋದ. ಖಾಲಿ ಸೀಸೆಯ ಪೆಟ್ಟಿಗೆಗಳು ಅಂಗಳದಲ್ಲೇ ಉಳಿದವು.

ಊರವರು ಬರತೊಡಗಿದರು. ಹೆಂಗಸರು ಹೂವು ತಂದರು, ಗಂಡಸರು ಬೆಂಚು ತಂದರು. ಎಲ್ಲರಿಗೂ ಸಾಲುವಷ್ಟು ಲೋಟ ಮನೆಯಲ್ಲಿರಲಿಲ್ಲ.

"ಆ ಸೀಸೆ ತತ್ತಾ," ಎಂದಳು ಅಕ್ಕ.

ಕುದಿಯುವ ನೀರಿನ ಹಂಡೆಗೆ ಒಂದೊಂದೇ ಇಳಿಬಿಟ್ಟೆವು. ಚೀಟಿಯಲ್ಲಿದ್ದ ಅಜ್ಜನ ಮೀಸೆ ಮೊದಲು ಎದ್ದು ಬಂತು.

"ನಾಳೆ ಮೊಹರಿನವರು ಬತ್ತಾರೆ ಕಣಕ್ಕ," ಎಂದೆ. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

"ಬರ್ಲಿ. ಅಂಟು ಉಳಿದದೆ ನೋಡು, ಉಜ್ಜು."

ಹಿಡಿ ಬೂದಿ ತೆಗೆದುಕೊಂಡು ಉಜ್ಜತೊಡಗಿದೆ.