ಶಾರ್ಕ್ ಬಂದದ್ದು ಪೆಡಲಿಗೋ, ಚೀಲಕ್ಕೋ?

ಕಡಲಿಗೆ ಹೋಗುವ ಗಂಡಸು ನಾಲ್ಕು ದಿನ ಮನೆಯಲ್ಲೇ ಕೂತರೆ ಮನೆ ಎಷ್ಟು ಚಿಕ್ಕದು ಎನ್ನುವುದು ಹೆಂಗಸರಿಗೆ ಗೊತ್ತಾಗುತ್ತದೆ. ಗಂಟಜ್ಜಿಯ ಮಗ ಒಮ್ಮೆ ಕಿಟಕಿಯ ಹತ್ತಿರ ನಿಂತು ಕಡಲು ನೋಡುತ್ತಿದ್ದ. ಇನ್ನೊಮ್ಮೆ ಬಾಗಿಲಲ್ಲಿ ನಿಂತು ಅದೇ ಕಡಲು ನೋಡುತ್ತಿದ್ದ. ನಡುವೆ ಹೆಂಡತಿಯ ಹೊಲಿಗೆ ಯಂತ್ರಕ್ಕೆ ಬೇಡ ಬೇಡವೆಂದರೂ ಎಣ್ಣೆ ಹಾಕಿ, ಹೊಸ ಬಟ್ಟೆಗೆ ಕಲೆ ಮಾಡಿಟ್ಟಿದ್ದ.

ಗಂಟಜ್ಜಿ ಬಲೆ ಹೆಣೆಯುವವಳು. ಅವಳು ಹಾಕಿದ ಗಂಟು ಬಿಚ್ಚಿಕೊಂಡದ್ದನ್ನು ಕಂಡವರಿಲ್ಲ, ಅದಕ್ಕೇ ಬೀದಿಗೆಲ್ಲ ಆ ಹೆಸರು. ಅವಳ ಹಟವೂ ಅದೇ ಜಾತಿಯದು. ಮಗನ ದೋಣಿಯ ಪೆಡಲ್ ಯಂತ್ರವನ್ನು ಬಿಚ್ಚಿಸಿ, ನೂಲಿನ ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಯ ಮೇಲೆ ತಾನೇ ಕೂತುಬಿಟ್ಟಿದ್ದಳು. ಊಟವೂ ಅಲ್ಲೇ, ಹರಟೆಯೂ ಅಲ್ಲೇ.

ಮಗನಿಗೆ ಎರಡು ವರ್ಷದ ಹಿಂದೆ ಬಿದ್ದು ಭುಜದ ಮೂಳೆ ಮುರಿದಿತ್ತು. ಮೂಳೆ ಕೂಡಿತು, ಆದರೆ ಹುಟ್ಟು ಹಾಕುವ ಬಲ ಆ ಕೈಗೆ ಮರಳಿ ಬರಲಿಲ್ಲ. ಒಂದು ವರ್ಷ ಐಸ್ ಫ್ಯಾಕ್ಟರಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಗಡ್ಡೆ ಎಣಿಸುತ್ತ ನಿಂತ. ಮಾತು ಕಮ್ಮಿಯಾಯಿತು, ಊಟ ಕಮ್ಮಿಯಾಯಿತು. ಆಮೇಲೆ ಪೆಡಲ್ ಕಯಾಕ್ ಬಂತು. ಒಬ್ಬರೇ ಕೂರುವ ಕಿರಿದಾದ ದೋಣಿ ಅದು. ಸೈಕಲ್ಲಿನ ಹಾಗೆ ಕಾಲಲ್ಲಿ ತುಳಿದರೆ ಅಡಿಯಲ್ಲಿರುವ ಎರಡು ರೆಕ್ಕೆ ಬೀಸಿ ದೋಣಿ ಮುಂದೆ ಹೋಗುತ್ತದೆ. ಮೊದಲ ದಿನ ಕಡಲಿಂದ ಬಂದವನು ಎರಡಾಳಿನ ಊಟ ಮಾಡಿದ. ಆ ಖುಷಿಗೇ ತಾಯಿ ಅವನಿಗೊಂದು ಬಲೆಯ ಚೀಲ ಹೆಣೆದುಕೊಟ್ಟಳು. ಹಿಡಿದ ಮೀನನ್ನು ಅದರೊಳಗೆ ಹಾಕಿ ದೋಣಿಯ ಪಕ್ಕ ನೀರಿಗೆ ಇಳಿಬಿಟ್ಟರೆ ದಡಕ್ಕೆ ಬರುವ ತನಕ ಜೀವಂತ ಇರುತ್ತದೆ. ಆ ಊರಿನವರೆಲ್ಲ ಹಾಗೇ ಮಾಡುವುದು.

ನಾಲ್ಕು ದಿನದ ಹಿಂದೆ ಅವನು ದಡಕ್ಕೆ ತಿರುಗಿದ ಹೊತ್ತಿಗೆ ಅಡಿಯಿಂದ ಯಾರೋ ಗುದ್ದಿದ ಹಾಗಾಯಿತು. ದೋಣಿ ವಾಲಿತು. ಬಗ್ಗಿ ನೋಡಿದರೆ ಅವನಷ್ಟೇ ಉದ್ದದ ಶಾರ್ಕ್. ಮತ್ತೊಮ್ಮೆ ಗುದ್ದಿ, ಸುತ್ತು ಹಾಕಿ ಹೋಯಿತು. ಬದುಕಿದೆಯಾ ಬಡಜೀವವೇ ಎಂದು ದಡ ಸೇರಿದ. ಪೆಡಲಿನ ಒಂದು ರೆಕ್ಕೆ ಹರಿದಿತ್ತು. ಅದನ್ನು ನೋಡಿದ್ದೇ ತಾಯಿ ತೀರ್ಪು ಕೊಟ್ಟುಬಿಟ್ಟಳು.

"ನೀರೊಳಗೆ ಅದು ರಪರಪ ಅಂತ ಬಡೀತಾ ಇದ್ರೆ ಶಾರ್ಕ್ ಬರ್ದೆ ಇರುತ್ತಾ? ಊಟಕ್ಕೆ ಬಾ ಅಂತ ಗಂಟೆ ಹೊಡೆದ ಹಾಗೆ! ಇನ್ನು ಆ ದೋಣಿ ಹೆಸರೆತ್ಬೇಡ."

"ಹಾಗಾದ್ರೆ ಫ್ಯಾಕ್ಟರಿಗೇ ಹೋಗ್ತೀನಿ ಬಿಡು. ಸೋಮವಾರದಿಂದ ಬಾ ಅಂದಿದ್ದಾರೆ," ಎಂದ ಮಗ. ಆ ಒಂದು ವರ್ಷದ ಅವನ ಮುಖವನ್ನು ಅಜ್ಜಿ ಮರೆತಿರಲಿಲ್ಲ. ಆದರೂ ಪೆಟ್ಟಿಗೆ ಬಿಟ್ಟು ಏಳಲಿಲ್ಲ. ಮಗ ಬದುಕಿರಲಿ, ನಗದಿದ್ದರೂ ಸರಿ ಎಂದುಕೊಂಡಳು.

ಸೊಸೆ ಸುಮ್ಮನೆ ಕೂರುವವಳಲ್ಲ. ರಕ್ಷಣಾ ದೋಣಿ ನಡೆಸುವ ಹೆಂಗಸನ್ನು ಹೋಗಿ ಕರೆತಂದಳು. ಆಕೆಯ ಕೊರಳಲ್ಲಿ ಯಾವಾಗಲೂ ಒಂದು ಸೀಟಿ ತೂಗುವುದರಿಂದ ಎಲ್ಲರ ಬಾಯಲ್ಲೂ ಆಕೆ ಸೀಟಿ ಮೇಡಂ. ಬಂದವಳು ಚಪ್ಪಲಿ ಬಿಟ್ಟು ನೆಲದ ಮೇಲೆ ಅಜ್ಜಿಯ ಎದುರಿಗೇ ಕೂತಳು. ಅಜ್ಜಿ ತೊಡೆಯ ಮೇಲೆ ಮಗನ ಚೀಲ ಹರಡಿಕೊಂಡು, ಬಂಡೆಗೆ ಸಿಕ್ಕಿ ಹರಿದಿರಬೇಕೆಂದು ಅದರ ತಳದ ತೂತಿಗೆ ತೇಪೆ ಹೆಣೆಯುತ್ತಿದ್ದಳು.

"ಬುದ್ಧಿ ಹೇಳೋಕೆ ಬಂದಿದ್ರೆ ಮಗನಿಗೆ ಹೇಳಮ್ಮ. ನಂಗೆ ಗೊತ್ತಿರೋದು ನಂಗೆ ಗೊತ್ತು," ಎಂದಳು ಅಜ್ಜಿ.

"ಹೇಳೋಕಲ್ಲ, ಕೇಳೋಕೆ ಬಂದೆ ಅಜ್ಜಿ. ಈ ಚೀಲ ದೋಣೀಲಿ ಎಲ್ಲಿ ಕಟ್ಟಿತ್ತು?"

"ಪೆಡಲ್ ಪಕ್ಕದಲ್ಲೇ," ಮಗ ಹೇಳಿದ. "ಹಗ್ಗ ಗಿಡ್ಡ, ಅಲ್ಲಿಗೇ ಎಟಕೋದು. ಅವತ್ತು ಐದು ಮೀನಿತ್ತು."

"ಮೀನು ಒದ್ದಾಡ್ತಾ ಇತ್ತಾ?"

"ಬಾಯಿಗೆ ಗಾಳ ಸಿಕ್ಕಿ ರಕ್ತ ಸುರೀತಿರೋ ಮೀನು ಒದ್ದಾಡ್ದೆ ಜೋಗುಳ ಕೇಳ್ಕೊಂಡು ಮಲಗುತ್ತಾ?" ಅಜ್ಜಿಯೇ ಉತ್ತರ ಕೊಟ್ಟಳು.

ಸೀಟಿ ಮೇಡಂ ನಕ್ಕು, ಚೀಲದ ತುದಿ ಹಿಡಿದು ಕೇಳಿದಳು. "ಬಲೆ ವಿಷಯದಲ್ಲಿ ನಿಮ್ಮನ್ನ ಮೀರಿಸಿದವರಿಲ್ಲ. ಬಂಡೆಗೆ ಸಿಕ್ಕಿ ಹರಿದ ಬಲೆ ಹೇಗಿರುತ್ತೆ?"

ಈ ಪ್ರಶ್ನೆಗೆ ಅಜ್ಜಿಯ ಬೆನ್ನು ನೆಟ್ಟಗಾಯಿತು. "ಬಂಡೆ ಎಳೀತದೆ. ನೂಲು ಸಿಗಿದು ಸಿಗಿದು ಜುಂಜಾಗುತ್ತೆ. ಗಂಟು ಬಿಗಿಯಾಗಿ ಕಲ್ಲಾಗುತ್ತೆ. ಕುರುಡಿಯೂ ಬೆರಳಾಡಿಸಿ ಹೇಳ್ಬಹುದು."

"ಮತ್ತೆ ಇದು?"

ಅಜ್ಜಿ ತೂತಿನ ಅಂಚಿನ ಮೇಲೆ ಬೆರಳಾಡಿಸಿದಳು. ನೂಲು ಎಲ್ಲೂ ಸಿಗಿದಿರಲಿಲ್ಲ. ಕತ್ತರಿ ಹಾಕಿದ ಹಾಗೆ, ಅರ್ಧಚಂದ್ರದ ಆಕಾರದಲ್ಲಿ ತುಂಡಾಗಿತ್ತು. ಅವಳ ಕೈ ಅಲ್ಲೇ ನಿಂತಿತು. ಆಮೇಲೆ ಏನೋ ನೆನಪಾದವಳಂತೆ ಪಕ್ಕದ ಬುಟ್ಟಿಗೆ ಕೈ ಹಾಕಿ, ತೇಪೆಗೆ ಬಂದಿದ್ದ ಇನ್ನೊಂದು ಚೀಲ ತೆಗೆದಳು. ಅದರ ತಳದಲ್ಲೂ ಅದೇ ಅರ್ಧಚಂದ್ರ.

"ಇದು ಮೀಸೆಯಣ್ಣಂದು," ಎಂದು ಗೊಣಗಿ, ಕಿಟಕಿಯಿಂದ ಪಕ್ಕದ ಮನೆಯ ಕಡೆ ಕೂಗಿದಳು. "ಏ ಮೀಸೆ! ಬಾ ಇಲ್ಲಿ! ಚೀಲ ಬಂಡೆಗೆ ಸಿಕ್ಕಿ ಹರೀತು ಅಂದ್ಯಲ್ಲ, ಯಾವ ಬಂಡೆಗೆ ಹಲ್ಲಿದೆ?"

ಮೀಸೆಯಣ್ಣ ಬಂದು ಬಾಗಿಲಲ್ಲಿ ನಿಂತ. ಎರಡೂ ಚೀಲ ನೋಡಿ ಅವನ ಮೀಸೆ ಇಳಿಯಿತು. "ಶಾರ್ಕೇ ಅಜ್ಜಿ. ಹೋದ ತಿಂಗಳು ಬಂತು. ನಿಮ್ಮ ಮಗನ ಸೈಕಲ್ ದೋಣಿ ನೋಡಿ ಶಾರ್ಕ್ ಬರುತ್ತೆ ಅಂತ ಊರೆಲ್ಲ ಸಾರಿದವನು ನಾನು. ನನಗೇ ಬಂತು ಅಂತ ಯಾವ ಬಾಯಲ್ಲಿ ಹೇಳ್ಲಿ?"

"ನಿನ್ನ ದೋಣಿಗೆ ಪೆಡಲ್ ಇದೆಯಾ?"

"ಎಲ್ಲಿಂದ ಬರ್ಬೇಕು? ಎರಡು ಕೈ, ಎರಡು ಹುಟ್ಟು."

ಅಜ್ಜಿ ಎರಡೂ ಚೀಲಗಳನ್ನು ಪಕ್ಕಕ್ಕಿಟ್ಟಳು. ಅವಳಿಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. "ಅಂದ್ರೆ ಮಗನ ಕಾಲ ಕೆಳಗೆ ಶಾರ್ಕಿಗೆ ಬುತ್ತಿ ಕಟ್ಟಿಕೊಟ್ಟವಳು ನಾನೇ," ಎಂದಳು. ಕಣ್ಣು ತುಂಬಿ ಬಂತು.

"ಪ್ರೀತಿಯಿಂದ ಕಟ್ಟಿಕೊಟ್ರಿ, ಗೊತ್ತಿರ್ಲಿಲ್ಲ," ಸೀಟಿ ಮೇಡಂ ಅವಳ ಕೈ ಹಿಡಿದಳು. "ಒದ್ದಾಡೋ ಮೀನು, ರಕ್ತದ ವಾಸನೆ. ಶಾರ್ಕ್ ಬರೋದು ಅದಕ್ಕೆ. ಚೀಲ ಕಚ್ಚೋಕೆ ಬಂದಾಗ ಪಕ್ಕದ ರೆಕ್ಕೆಗೂ ಹಲ್ಲು ತಾಗಿದೆ."

"ಹಾಗಾದ್ರೆ ಪೆಡಲ್ ಸದ್ದು ಕೇಳಿ ಬರೋದೇ ಇಲ್ಲ ಅಂತ ಬರೆದುಕೊಡ್ತೀಯಾ?" ಹಟದ ಕೊನೆಯ ಎಳೆ ಇನ್ನೂ ಉಳಿದಿತ್ತು.

"ಬರೆದುಕೊಡಲ್ಲ ಅಜ್ಜಿ, ಕಡಲು ನನ್ನ ಮಾತು ಕೇಳಲ್ಲ. ಸದ್ದು ಅದಕ್ಕೆ ಕೇಳುತ್ತೆ. ಒಂದೊಂದ್ಸಲ ಏನಿದು ಅಂತ ನೋಡೋಕೆ ಬಂದ್ರೂ ಬರಬಹುದು, ಹುಟ್ಟಿನ ದೋಣಿಗೂ ಬರುತ್ತಲ್ಲ ಹಾಗೆ. ಆದ್ರೆ ಪೆಡಲ್ ಇದ್ರೆ ಶಾರ್ಕ್ ಹೆಚ್ಚು ಬರುತ್ತೆ ಅನ್ನೋಕೆ ಸರಿಯಾದ ಆಧಾರ ಯಾರೂ ಕೊಟ್ಟಿಲ್ಲ. ನಮ್ಮ ಕೈಲಿರೋದನ್ನ ನಾವು ಮಾಡೋಣ. ಹಿಡಿದ ಮೀನು ತಕ್ಷಣ ದೋಣಿಯೊಳಗಿನ ಐಸ್ ಪೆಟ್ಟಿಗೆಗೆ ಹೋಗ್ಲಿ, ಮುಚ್ಚಳ ಬೀಳ್ಲಿ. ಐಸಲ್ಲಿಟ್ಟ ಮೀನು ತಾಜಾನೇ ಇರುತ್ತೆ. ಕೊಯ್ಯೋದು, ತೊಳೆಯೋದು ದಡದಲ್ಲಿ. ಉಳಿದ ಎರೆ ನೀರಿಗೆ ಎಸೀಬಾರ್ದು."

"ಗಾಳಕ್ಕೆ ಬಿದ್ದ ಮೀನನ್ನೇ ಶಾರ್ಕ್ ಹಿಡ್ಕೊಂಡ್ರೆ?" ಮೀಸೆಯಣ್ಣ ಕೇಳಿದ.

"ನೀವು ಏನ್ಮಾಡ್ತೀರಿ?"

"ಎಳೀತೀನಿ! ನನ್ನ ಮೀನು!"

"ಅದಕ್ಕೂ ಹಾಗೇ ಅನ್ಸುತ್ತೆ ಅಣ್ಣ. ದಾರ ಕತ್ತರಿಸಿಬಿಡಿ. ಹೋದ ಮೀನು ನಾಳೆ ಸಿಗುತ್ತೆ, ಹೋದ ಕೈ ಸಿಗಲ್ಲ. ಕೈಕಾಲು ನೀರಿಗೆ ಇಳಿಬಿಡದೆ, ಗಾಬರಿಯಾಗಿ ಎದ್ದು ನಿಲ್ಲದೆ, ಕೂತಲ್ಲೇ ಕೂತು ಆ ಜಾಗ ಬಿಟ್ಟು ದಡಕ್ಕೆ ಬನ್ನಿ. ಮತ್ತೆ, ಒಬ್ಬೊಬ್ಬರೇ ಹೋಗ್ಬೇಡಿ. ಜೀವರಕ್ಷಕ ಜಾಕೆಟ್ ಮೈಮೇಲಿರ್ಲಿ, ಮನೆ ಗೂಟದ ಮೇಲಲ್ಲ."

ಗೂಟಕ್ಕೆ ತೂಗುತ್ತಿದ್ದ ಜಾಕೆಟ್ಟನ್ನು ಸೊಸೆ ಗಂಡನ ಮುಖದ ಮೇಲೇ ಎಸೆದಳು. ಅಜ್ಜಿ ಮೊಣಕಾಲು ಹಿಡಿದುಕೊಂಡು ಪೆಟ್ಟಿಗೆಯಿಂದ ಎದ್ದಳು. "ತಗೊಂಡು ಹೋಗೋ ನಿನ್ನ ಸೈಕಲ್ಲು. ನಾಲ್ಕು ದಿನದಿಂದ ಇದರ ಮೇಲೆ ಕೂತು ಸೊಂಟ ಬಿದ್ದುಹೋಯ್ತು."

ಸೋಮವಾರ ಬೆಳಕು ಚೆನ್ನಾಗಿ ಹರಿದ ಮೇಲೆ ಹೊಸ ರೆಕ್ಕೆ ಹಾಕಿದ ಪೆಡಲ್ ದೋಣಿ, ಮೀಸೆಯಣ್ಣನ ಹುಟ್ಟಿನ ದೋಣಿ ಜೊತೆಜೊತೆಯಾಗಿ ಹೊರಟವು. ಊಟದ ಹೊತ್ತಿಗೆ ಮಗ ಐಸ್ ಪೆಟ್ಟಿಗೆ ಹೊತ್ತ ದೋಣಿಯನ್ನು ಮರಳಿಗೆ ಎಳೆದು ಅಮ್ಮನನ್ನು ಹುಡುಕಿದ. ಅಮ್ಮ ದಡದಲ್ಲಿರಲಿಲ್ಲ. ಹಿಂದಿನ ಬೀದಿಯಲ್ಲಿ ಒಂದೊಂದೇ ಬಾಗಿಲು ತಟ್ಟುತ್ತಿದ್ದಳು. ಅವಳು ಅಂಥ ಚೀಲ ಹೆಣೆದುಕೊಟ್ಟದ್ದು ಹನ್ನೊಂದು ಮನೆಗೆ.

"ನೀವೇ ಕೊಟ್ಟಿದ್ದಲ್ವಾ ಅಜ್ಜಿ? ಈಗ ವಾಪಸ್ ಕೇಳ್ತೀರಲ್ಲ?" ಹತ್ತನೆಯ ಮನೆಯ ಹೆಂಗಸು ಚೀಲ ತಿರುಗಿಸಿ ನೋಡಿದಳು. "ಎಷ್ಟು ಗಟ್ಟಿಯಾಗಿದೆ! ಒಂದು ಗಂಟೂ ಸಡಿಲ ಆಗಿಲ್ಲ."

"ಗಂಟಲ್ಲಿ ತಪ್ಪಿಲ್ಲ ಮಗಳೇ, ಮೀನು ತುಂಬಿ ನೀರಿಗೆ ಇಳಿಬಿಡೋದ್ರಲ್ಲಿ ತಪ್ಪು. ನಾನು ತಿಳೀದೆ ಕೊಟ್ಟೆ. ತಿಳಿದ ಮೇಲೂ ನಿನ್ನ ಗಂಡನ ಕಾಲ ಹತ್ರ ಇದು ತೂಗ್ತಾ ಇದ್ರೆ ನಂಗೆ ನಿದ್ದೆ ಹತ್ತುತ್ತಾ? ತಾ ಇಲ್ಲಿ."

ಅಷ್ಟು ಹೇಳಿ ಹತ್ತನೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹನ್ನೊಂದನೆಯ ಮನೆಯ ಕಡೆ ನಡೆದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯವರು ಕಾಲಲ್ಲಿ ತುಳಿಯುವ ದೋಣಿಯಲ್ಲೇ ಹೋಗಲಿ, ಕೈಯಲ್ಲಿ ಹುಟ್ಟು ಹಾಕಿಯೇ ಹೋಗಲಿ, ಈ ಹೊತ್ತೇ ದಡಕ್ಕೆ ಹೋಗಿ ಆ ದೋಣಿಯ ಪಕ್ಕ ಏನು ತೂಗುತ್ತಿದೆ ನೋಡಿ. ಮೀನಿನ ಚೀಲವಿದ್ದರೆ ಬಿಚ್ಚಿ ತನ್ನಿ, ಐಸ್ ಪೆಟ್ಟಿಗೆ ಕೊಟ್ಟು ಕಳಿಸಿ. ಹನ್ನೊಂದನೆಯ ಬಾಗಿಲು ನಿಮ್ಮದೇ ಎಂದುಕೊಳ್ಳಿ. ಅಜ್ಜಿ ಬಂದು ತಟ್ಟುವ ತನಕ ಕಾಯಬೇಡಿ.