ಊಟದ ಹೊತ್ತಿಗೆ ಎದ್ದು ಹೋಗುವವನು

ಯಶವಂತಪುರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ ಒಂದರಲ್ಲಿ ದಸ್ತಗೀರ್ ವೆಲ್ಡರ್, ಪಿಳ್ಳಣ್ಣ ಬಡಗಿ. ಕಬ್ಬಿಣದ ಚೌಕಟ್ಟು ಇವನದು, ಅದರ ಮೇಲೆ ಕೂರುವ ಹಲಗೆ ಅವನದು. ಹತ್ತೊಂಬತ್ತು ವರ್ಷಗಳಿಂದ ಇಬ್ಬರೂ ಮಧ್ಯಾಹ್ನ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದರು. ಸೋಲದೇವನಹಳ್ಳಿಯಿಂದ ಪಿಳ್ಳಣ್ಣ ತರುವ ಮುದ್ದೆಯಲ್ಲಿ ಅರ್ಧ ದಸ್ತಗೀರನಿಗೆ. ದಸ್ತಗೀರನ ಹೆಂಡತಿ ಖುರ್ಷೀದ್ ಕಟ್ಟಿಕೊಟ್ಟ ಚಪಾತಿಯಲ್ಲಿ ಅರ್ಧ ಪಿಳ್ಳಣ್ಣನಿಗೆ.

ಆ ವರ್ಷ ಯುಗಾದಿ ಕಳೆದ ಮೇಲೆ ದಸ್ತಗೀರ್ ಊಟದ ಹೊತ್ತಿಗೆ ಏನಾದರೊಂದು ನೆಪ ಹೇಳಿ ಎದ್ದು ಹೋಗತೊಡಗಿದ. ಒಂದು ದಿನ ವೆಲ್ಡಿಂಗ್ ರಾಡ್ ತರಬೇಕು, ಇನ್ನೊಂದು ದಿನ ಹಸಿವಿಲ್ಲ. ನಿಜ ಅವನೊಬ್ಬನಿಗೇ ಗೊತ್ತಿತ್ತು. ಹತ್ತು ವರ್ಷಗಳಿಂದ ಅವನಿಗೆ ಎದೆಯುರಿ. ಬಗ್ಗಿ ಕೆಲಸ ಮಾಡುವಾಗ ಹುಳಿ ನೀರು ಗಂಟಲಿಗೇ ಬರುತ್ತಿತ್ತು. ಮೆಡಿಕಲ್ ಶಾಪಿನ ಗುಲಾಬಿ ಬಣ್ಣದ ಔಷಧಿಯನ್ನು ಎರಡು ಗುಟುಕು ಕುಡಿದು ಮತ್ತೆ ಬಗ್ಗುತ್ತಿದ್ದ. ಈಚೆಗೆ ಮೂರು ತಿಂಗಳಿಂದ ಉರಿಯೇನೋ ತಗ್ಗಿತ್ತು, ಆದರೆ ತುತ್ತು ಎದೆಯ ನಡುವೆ ನಿಂತುಬಿಡುತ್ತಿತ್ತು. ಮೊದಲು ಮಾಂಸ, ಆಮೇಲೆ ಚಪಾತಿ, ಈಗ ಮುದ್ದೆ. ನೀರು ಕುಡಿದರೆ ಒಮ್ಮೊಮ್ಮೆ ಇಳಿಯುತ್ತಿತ್ತು, ಒಮ್ಮೊಮ್ಮೆ ನೀರಿನ ಸಮೇತ ವಾಪಸು ಬರುತ್ತಿತ್ತು. ನಾಲ್ಕು ಜನರ ಎದುರು ಹಾಗಾಗುವುದು ಅವನಿಗೆ ಬೇಡವಾಗಿತ್ತು.

ಒಂದು ತಿಂಗಳು ಸುಮ್ಮನೆ ನೋಡಿದ ಪಿಳ್ಳಣ್ಣ, ಶೆಡ್ಡಿನ ಹಿಂದೆ ಬಾಳೆಹಣ್ಣು ಕಿವುಚಿ ತಿನ್ನುತ್ತಿದ್ದ ಗೆಳೆಯನ ಮುಂದೆ ಬಂದು ನಿಂತ.

"ದಸ್ತಗೀರ, ಒಂದ್ ಮಾತ್ ಕೇಳ್ತೀನಿ, ನಿಜ ಏಳು. ನಮ್ಮನೆ ಊಟ ಮಾಡ್ಬೇಡ ಅಂತ ನಿಂಗ್ಯಾರಾದ್ರೂ ಏಳವ್ರಾ? ಕಾಲ ಇಂಗಾಗೈತೆ, ನಾನೇನ್ ಬೇಜಾರ್ ಮಾಡ್ಕಳಲ್ಲ. ಆದ್ರೆ ನೆಪ ಏಳ್ಬೇಡ."

ದಸ್ತಗೀರನಿಗೆ ಮುಖದ ಮೇಲೆ ಹೊಡೆದಂತಾಯಿತು. ಇವನು ಇಷ್ಟು ದಿನ ಇದನ್ನೇ ಯೋಚಿಸಿಕೊಂಡು ಒಬ್ಬನೇ ಉಂಡನಲ್ಲ ಎನ್ನಿಸಿ, ಮುಚ್ಚಿಟ್ಟಿದ್ದೆಲ್ಲ ಹೊರಗೆ ಬಂತು.

"ನುಂಗಕ್ಕಾಗ್ತಿಲ್ಲ ಕಣೋ. ನಿನ್ ಮುದ್ದೆ ಇರ್ಲಿ, ಮನೆ ಚಪಾತಿನೂ ಇಳಿಯಲ್ಲ. ನಮ್ ಅಬ್ಬಾಗೂ ಹಿಂಗೇ ಆಗಿತ್ತು. ಆರ್ ತಿಂಗ್ಳಲ್ಲಿ ಹೋಗ್ಬಿಟ್ರು."

ಪಿಳ್ಳಣ್ಣ ಅವನ ಪಕ್ಕ ಕುಳಿತ. "ನಿಮ್ಮಪ್ಪನ್ನ ಆಸ್ಪತ್ರೆಗೆ ತೋರ್ಸಿದ್ರಾ?"

"ಇಲ್ಲ."

"ನಿನ್ನ ತೋರ್ಸಾನ. ಸೋಮವಾರ ಇಬ್ರೂ ರಜ ಆಕಣ."

ಹೆಬ್ಬಾಳದ ಆಸ್ಪತ್ರೆಯ ಡಾಕ್ಟರ್ ಭಾವನಾ ಅವನ ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಕ್ಯಾಮೆರಾ ಇದ್ದ ಸಣ್ಣ ಕೊಳವೆಯನ್ನು ಒಳಗೆ ಇಳಿಸಿ ನೋಡಿದರು. ಆಮೇಲೆ ಇಬ್ಬರನ್ನೂ ಕೂರಿಸಿಕೊಂಡರು.

"ಕ್ಯಾನ್ಸರ್ ಥರ ಕಾಣ್ತಿಲ್ಲ. ಆದ್ರೂ ಚೂರು ತೆಗೆದು ಟೆಸ್ಟಿಗೆ ಕಳ್ಸಿದೀನಿ. ವರ್ಷಗಟ್ಲೆ ಆಸಿಡ್ ಮೇಲೆ ಬಂದು ಅನ್ನನಾಳದ ಕೆಳಗಡೆ ಗಾಯ ಆಗಿದೆ. ಗಾಯ ಮಾಯೋವಾಗ ಚರ್ಮ ಬಿಗಿಯುತ್ತಲ್ಲ, ಹಾಗೆ ಆ ಜಾಗ ಇಕ್ಕಟ್ಟಾಗಿದೆ. ಒಳಗೆ ಸಣ್ಣ ಬಲೂನ್ ಇಟ್ಟು ಅಗಲ ಮಾಡ್ತೀವಿ. ಒಂದೇ ಸಲ ಅಲ್ಲ, ಸ್ವಲ್ಪಸ್ವಲ್ಪವಾಗಿ."

"ಪೈಪಿನ್ ಬಾಯಿ ನಾವೂ ಒಂದೇ ಏಟಿಗೆ ಹಿಗ್ಗಿಸಲ್ಲ ಮೇಡಂ," ಎಂದ ದಸ್ತಗೀರ್. "ಸೀಳ್ಬಿಡುತ್ತೆ."

"ಅಷ್ಟೇ ವಿಷಯ. ನಿಮಗೆ ನಾನು ಹೆಚ್ಚು ಹೇಳೋದೇ ಬೇಕಿಲ್ಲ."

ವಾರದ ಮೇಲೆ ರಿಪೋರ್ಟ್ ಬಂತು. ಕ್ಯಾನ್ಸರ್ ಇರಲಿಲ್ಲ. ಅದನ್ನು ಕೇಳಿದ ಖುರ್ಷೀದ್ ತಣಿಸಂದ್ರದ ಮನೆಯ ಅಡುಗೆಕೋಣೆಗೆ ಹೋಗಿ, ಸೆರಗಿನಿಂದ ಮುಖ ಒರೆಸಿಕೊಂಡು ಬಂದಳು.

ಮೊದಲ ಸಲ ಬಲೂನ್ ಹಾಕಿದ ದಿನ ಎದೆಯಲ್ಲಿ ಸ್ವಲ್ಪ ನೋವಿತ್ತು, ಸಂಜೆಗೆ ಮನೆಗೆ ಕಳಿಸಿದರು. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ಮಾತ್ರೆ, ಮಲಗುವ ಮೂರು ಗಂಟೆ ಮೊದಲೇ ಊಟ, ಮಂಚದ ತಲೆಯ ಕಡೆ ಎತ್ತರವಿರಬೇಕು ಎಂದಿದ್ದರು. ಮಂಚದ ಕಾಲಿಗೆ ಕಬ್ಬಿಣದ ತುಂಡು ಬೆಸೆಯುತ್ತೇನೆ ಎಂದು ದಸ್ತಗೀರ್ ಹೊರಟರೆ, ಭಾನುವಾರ ಪಿಳ್ಳಣ್ಣ ತೇಗದ ಎರಡು ದಿಮ್ಮಿ ಹೊತ್ತು ತಂದ. ಕಾಲು ಜಾರದಂತೆ ನಡುವೆ ಗುಳಿ ಕೊರೆದಿದ್ದ. "ಮಲ್ಗೋ ಮಂಚಕ್ಕೆ ಕಿಡಿ ಆರಿಸ್ತಾರೇನೋ?" ಎಂದು ಗದರಿಸಿ ತಾನೇ ಕೂರಿಸಿಕೊಟ್ಟ.

ಎರಡನೆಯ ಸಲಕ್ಕೆ ಚಪಾತಿ ಇಳಿಯಿತು. ಮೂರನೆಯದು ಮುಗಿದ ಮರುವಾರ ದಸ್ತಗೀರ್ ಶೆಡ್ಡಿನಲ್ಲಿ ಮುದ್ದೆಯನ್ನು ಚಿಕ್ಕಚಿಕ್ಕದಾಗಿ ಮುರಿದು ಉಂಡ. ಪಿಳ್ಳಣ್ಣ ತನ್ನ ಊಟ ಬಿಟ್ಟು ಅವನ ಗಂಟಲನ್ನೇ ನೋಡುತ್ತಿದ್ದ.

ಕೊನೆಯ ಭೇಟಿಯಲ್ಲಿ ದಸ್ತಗೀರ್ ಕೇಳಿದ: "ಇದು ಮತ್ತೆ ಬಿಗಿ ಆಗುತ್ತಾ ಮೇಡಂ?"

"ಆಗ್ಬಹುದು. ಮಾತ್ರೆ ಬಿಡದೆ ತಗೊಂಡ್ರೆ ಸಾಧ್ಯತೆ ಕಡಿಮೆ. ಆದ್ರೂ ಆದ್ರೆ, ಬನ್ನಿ, ಮತ್ತೆ ಅಗಲ ಮಾಡೋಣ. ಈ ಸಲ ನಾಲ್ಕು ತಿಂಗಳು ಕಾಯ್ಬೇಡಿ."

"ನಾಲ್ಕ್ ದಿನಾನೂ ಕಾಯಲ್ಲ," ಎಂದ ದಸ್ತಗೀರ್. ಹೊರಗೆ ಬಂದವನೇ ಕೆಂಪಾಪುರದಲ್ಲಿದ್ದ ತಮ್ಮ ಅನ್ವರನಿಗೆ ಫೋನ್ ಮಾಡಿದ. ಅನ್ವರನಿಗೂ ಬಹಳ ದಿನದಿಂದ ಎದೆಯುರಿಯಿತ್ತು. ಡಾಕ್ಟರ ಹೆಸರು, ಅವರು ಸಿಗುವ ವಾರ, ವೇಳೆ ಎಲ್ಲವನ್ನೂ ಹೇಳಿ, ಅವನು ಬರೆದುಕೊಂಡದ್ದನ್ನು ಒಮ್ಮೆ ಓದಿಸಿ ಕೇಳಿದ ಮೇಲೆಯೇ ಬಸ್ ಹತ್ತಿದ.